ರಿಬ್ಬನ್ನಿನ ಆಚೆ ಇಪ್ಪತ್ತೈದು ನಿಮಿಷ

ಜೂನ್ 10, ಸೋಮವಾರ. ಸಂಜೆ 8

ಮೇಲಿನ ಬಂಕ್ ಸಿಕ್ಕಿತು. ಕಿಟಕಿಯ ಜಾಲರಿ ಹರಿದಿತ್ತು, ಟೇಪ್ ಅಂಟಿಸಿದೆ. ಆದರೂ ಸೊಳ್ಳೆ. ಹೊರಗೆ ಇನ್ನೂ ಮಧ್ಯಾಹ್ನದಂಥ ಬೆಳಕು. ಕಣ್ಣಿಗೆ ದುಪಟ್ಟಾ ಕಟ್ಟಿಕೊಂಡು ಮಲಗಬೇಕು.

ಓರೆಬ್ರೂದಿಂದ, ನಮ್ಮ ಸ್ವೀಡಿಶ್ ಯೂನಿವರ್ಸಿಟಿಯ ಊರಿನಿಂದ, ಬಸ್ಸಿನಲ್ಲಿ ಎರಡೂವರೆ ಗಂಟೆ. ಹನ್ನೆರಡು ಜನ ಸ್ಟೂಡೆಂಟ್ಸ್, ನಮ್ಮ ಟೀಚರ್ ಅನ್ನಿಕಾ. ಐದು ದಿನ ಈ ವನ್ಯಜೀವಿ ಪಾರ್ಕಿನಲ್ಲೇ ವಾಸ. ಕೋರ್ಸಿನ ಹೆಸರು ಉದ್ದ. ಅರ್ಥ ಇಷ್ಟೇ — ಪ್ರಾಣಿ ಏನು ಮಾಡುತ್ತದೆ ಅಂತ ಗಂಟೆಗಟ್ಟಲೆ ನೋಡು, ಬರೆ, ನಡುವೆ ಹೋಗಬೇಡ.

ಒಬ್ಬೊಬ್ಬರಿಗೆ ಒಂದು ಪ್ರಾಣಿ. ಕ್ಲಾಸ್‌ಮೇಟ್ ಓಂಗೆ ತೋಳ. ನನಗೆ ಲಿಂಕ್ಸ್ — ಕಿವಿಯ ತುದಿಗೆ ಕಪ್ಪು ಕುಚ್ಚು ಇರುವ ದೊಡ್ಡ ಕಾಡುಬೆಕ್ಕು. ಹದಿನೈದು ದಿನದ ಹಿಂದೆ ಎರಡು ಮರಿ ಹಾಕಿದೆ. ಮೊದಲ ಹೆರಿಗೆ. ಮರಿಗಳ ಮುಖ ಇನ್ನೂ ಯಾರೂ ಸರಿಯಾಗಿ ನೋಡಿಲ್ಲವಂತೆ. ತಾಯಿ ಎಷ್ಟು ಹೊತ್ತಿಗೊಮ್ಮೆ ಹಾಲು ಕುಡಿಸುತ್ತದೆ, ಎಷ್ಟು ಹೊತ್ತು ಬಿಟ್ಟು ಹೋಗುತ್ತದೆ — ಅದು ನನ್ನ ಪ್ರಾಜೆಕ್ಟ್. ಓಂಗೆ ಹೊಟ್ಟೆಕಿಚ್ಚು. ನಾವು ಬಂದಾಗಿನಿಂದ ಅವನ ತೋಳಗಳು ನಿದ್ದೆ ಮಾಡುತ್ತಿವೆ. ‘ಸಂಡೇ ಮಧ್ಯಾಹ್ನದ ನಮ್ಮಪ್ಪ ಥರಾನೇ ಕಣೇ’ ಅಂದ. ಬಸವನಗುಡಿಯವನು. ಇಡೀ ಕ್ಲಾಸಿನಲ್ಲಿ ನನಗೆ ಕನ್ನಡಕ್ಕೆ ಇರುವವನು ಅವನೊಬ್ಬನೇ.

ಅಮ್ಮನ ಫೋನು. ಹುಣಸೂರಿನಲ್ಲಿ ಕರೆಂಟಿಲ್ಲವಂತೆ.

‘ಹುಲಿ ಅದಾ ಅಲ್ಲಿ?’

‘ಇಲ್ಲಮ್ಮ. ಬೆಕ್ಕು. ದೊಡ್ಡ ಬೆಕ್ಕು. ಬಾಣಂತಿ.’

‘ಬಾಣಂತಿನಾ? ಹಂಗಾದ್ರೆ ಜಾಸ್ತಿ ಓಡಾಡ್ಬೇಡಿ ಕಣವ್ವ ಅದರ ಹತ್ರ.’

ಇಪ್ಪತ್ತೆಂಟು ವರ್ಷದಿಂದ ಹೆರಿಗೆ ವಾರ್ಡಿನ ನರ್ಸು. ಇಡೀ ಪ್ರಪಂಚ ಅಮ್ಮನಿಗೆ ಹೆರಿಗೆ ವಾರ್ಡೇ.

ಜೂನ್ 11, ಮಂಗಳವಾರ. ಸಂಜೆ 7

ಬೆಳಿಗ್ಗೆ ಐದರಿಂದ ಹನ್ನೊಂದು. ಮಧ್ಯಾಹ್ನ ಎರಡರಿಂದ ಆರು. ಮರದ ಗೋಪುರದ ಮೇಲೆ ಬೈನಾಕ್ಯುಲರ್ ಹಿಡಿದು ಕೂತಿದ್ದೆ. ಕಂಡದ್ದು — ತಾಯಿಯ ಬೆನ್ನು. ಒಂದು ಸಲ ಬಾಲ. ಮರಿಗಳು ಬಂಡೆಯ ಕೆಳಗಿನ ಗೂಡಿನಲ್ಲಿವೆ. ಗೂಡಿನ ಬಾಯಿಗೆ ಹುಲ್ಲು ಬೆಳೆದಿದೆ. ಸದ್ದು ಮಾತ್ರ ಕೇಳುತ್ತದೆ. ಮರಿಹಕ್ಕಿಯ ಸದ್ದಿನಂತೆ.

ಬೇಲಿಯ ಹಿಂಭಾಗದಲ್ಲಿ, ಸಿಬ್ಬಂದಿ ಮಾತ್ರ ಓಡಾಡುವ ದಾರಿಯಲ್ಲಿ, ಒಂದು ಪೈನ್ ಮರಕ್ಕೆ ಕ್ಯಾಮೆರಾ ಕಟ್ಟಿದ್ದಾರೆ. ಏನಾದರೂ ಅಲುಗಾಡಿದರೆ ತಾನಾಗಿಯೇ ವಿಡಿಯೊ ತೆಗೆಯುತ್ತದೆ. ಅದರ ಕಾರ್ಡ್ ತೆಗೆದು ನೋಡಿದೆವು. ಅಲ್ಲೂ ಹುಲ್ಲು, ಬೆನ್ನು, ಹುಲ್ಲು.

ಕಾರ್ಡ್ ತಂದುಕೊಟ್ಟದ್ದು ಗುನ್ನೆಲ್. ಲಿಂಕ್ಸ್‌ಗಳನ್ನು ನೋಡಿಕೊಳ್ಳುವವರು. ಅರವತ್ತೈದು ಆಗಿದೆ, ಸೆಪ್ಟೆಂಬರಿಗೆ ರಿಟೈರ್ ಆಗುತ್ತಾರೆ. ಸ್ವೀಡಿಶ್‌ನಲ್ಲಿ ಚಿಕ್ಕವರು ದೊಡ್ಡವರು ಎಲ್ಲರಿಗೂ ‘ದು’, ಅಂದರೆ ‘ನೀನು’. ಬಾಯಲ್ಲಿ ಹಾಗೇ ಅನ್ನುತ್ತೇನೆ. ಬರೆಯುವಾಗ ಮಾತ್ರ ‘ಅವರು’ ಅಂತಲೇ ಬರುತ್ತದೆ. ಈ ತಾಯಿ ಲಿಂಕ್ಸನ್ನು ಬಾಟಲಿ ಹಾಲು ಕುಡಿಸಿ ಬೆಳೆಸಿದ್ದು ಗುನ್ನೆಲ್ಲೇ. ಅವರೂ ಈಗ ಹತ್ತಿರ ಹೋಗುವುದಿಲ್ಲ. ಬೇಲಿಯಿಂದ ಹದಿನೈದು ಮೀಟರ್ ದೂರದಲ್ಲಿ, ಮರದಿಂದ ಮರಕ್ಕೆ ಬಿಳಿ ರಿಬ್ಬನ್ ಕಟ್ಟಿದ್ದಾರೆ. ದಿನಕ್ಕೊಂದು ಸಲ ಮಾಂಸ ಇಡಲು ಮಾತ್ರ ಅದರಾಚೆ.

‘ಮೊದಲ ಮರಿಗಳು. ಅವಳಿಗೆ ಇನ್ನೂ ಧೈರ್ಯ ಇಲ್ಲ,’ ಅಂದರು. ‘ಹೆದರಿದರೆ ಮರಿಗಳನ್ನು ಕಚ್ಚಿಕೊಂಡು ಬೇರೆ ಕಡೆಗೆ ಹೋಗಿಬಿಡುತ್ತಾಳೆ. ಒಳ್ಳೆಯ ಜಾಗವೇ ಸಿಗುತ್ತದೆ ಅಂತ ಏನಿಲ್ಲ.’

ಚೆನ್ನಾಗಿ ಮಾತಾಡಿಸಿದರು. ನನ್ನ ಸ್ವೀಡಿಶ್ ಕೇಳಿ ನಗಲಿಲ್ಲ. ನಿಧಾನಕ್ಕೆ ಮಾತಾಡಿದರು.

ಅನ್ನಿಕಾ ನನ್ನ ಹಾಳೆ ನೋಡಿ, ‘ಹ್ಞೂಂ, ನಾಳೆ ನೋಡೋಣ’ ಅಂದರು. ಅಷ್ಟೇ. ಉಳಿದವರ ಹಾಳೆ ತುಂಬಿದೆ. ಮುಂದಿನ ವರ್ಷ ಅವರ ಕೈಕೆಳಗೆ ಥೀಸಿಸ್ ಮಾಡಬೇಕು ಅಂತ ಇದೆ... ಈ ಹಾಳೆ ಇಟ್ಟುಕೊಂಡು ಹೇಗೆ ಕೇಳುವುದು.

ಜೂನ್ 12, ಬುಧವಾರ. ಸಂಜೆ 6.45

ಗುನ್ನೆಲ್‌ಗೆ ಮೀಟಿಂಗ್ ಇತ್ತು. ಹಿಂದಿನ ದಾರಿಯ ಕೀ ನನಗೇ ಕೊಟ್ಟರು. ‘ಕಾರ್ಡ್ ನೀನೇ ಬದಲಿಸಿ ಬಾ. ರಿಬ್ಬನ್‌ವರೆಗೆ. ನೀನು ಜೋಪಾನದ ಹುಡುಗಿ’ ಅಂದರು. ಬದಲಿಸಿದೆ. ಬಂದೆ. ಕೀ ವಾಪಸ್ ಕೊಟ್ಟೆ. ಐದೂವರೆಗೆ ಅವರು ಮಾಂಸ ಇಟ್ಟು ಬಂದರು.

ಮಳೆ ಬರುವ ಹಾಗಿದೆ. ಚಳಿ. ಹೆಚ್ಚು ಬರೆಯುವುದಿಲ್ಲ.

ಮರಿಗಳು ಕಣ್ಣು ಬಿಟ್ಟಿವೆ. ನೀಲಿ.

ಜೂನ್ 13, ಗುರುವಾರ. ಬೆಳಿಗ್ಗೆ 9.40

ಒಂದು ಮರಿ ಸತ್ತಿದೆ.

ರಾತ್ರಿಯೆಲ್ಲ ಮಳೆ. ಬೆಳಿಗ್ಗೆ ಆರೂವರೆಗೆ ಗುನ್ನೆಲ್ ಹೋದಾಗ ಗೂಡು ಖಾಲಿ. ತಾಯಿ ಎರಡನ್ನೂ ಇಳಿಜಾರಿನ ಕೆಳಗೆ, ಬಿದ್ದ ಮರವೊಂದರ ಅಡಿಗೆ ಸಾಗಿಸಿದ್ದಾಳೆ. ಅಲ್ಲಿ ನೀರು ಹರಿದಿದೆ. ಒಂದು ಮರಿಯನ್ನು ಹೊಟ್ಟೆಗೆ ಒತ್ತಿಕೊಂಡು ಮಲಗಿದ್ದಳಂತೆ. ಇನ್ನೊಂದು ಒಂದು ಮಾರು ಆಚೆ, ಕೆಸರಿನಲ್ಲಿ.

ಟವೆಲಿನಲ್ಲಿ ಸುತ್ತಿ ತಂದರು. ನೋಡಲಿಲ್ಲ ನಾನು. ಟವೆಲ್ ಮಾತ್ರ ನೋಡಿದೆ. ಹಳದಿ.

ಒಂಬತ್ತರ ಫೀಕಾಗೆ, ಅಂದರೆ ಕಾಫಿ ಬಿಡುವಿಗೆ, ಎಲ್ಲರೂ ಊಟದ ಮನೆಯಲ್ಲಿ ಸೇರಿದ್ದೆವು. ಪಾರ್ಕಿನ ಮುಖ್ಯಸ್ಥರೂ ಬಂದಿದ್ದರು. ಕಾಫಿ ಯಾರೂ ಮುಟ್ಟಲಿಲ್ಲ. ಗುನ್ನೆಲ್ ಎದ್ದು ನಿಂತರು. ಬೂಟಿನ ಕೆಸರೂ ತೊಳೆದಿರಲಿಲ್ಲ.

‘ನನ್ನಿಂದ ಆದದ್ದು,’ ಅಂದರು. ‘ಕ್ಯಾಮೆರಾದಲ್ಲಿ ನೋಡಿದೆ. ಆರೂ ಹತ್ತಕ್ಕೆ ಅವಳು ಮೊದಲನೆಯ ಮರಿಯನ್ನು ಎತ್ತಿಕೊಂಡಿದ್ದಾಳೆ. ಐದೂವರೆಗೆ ನಾನು ಮಾಂಸದ ಗಾಡಿ ತಳ್ಳಿಕೊಂಡು ಹೋಗಿದ್ದೆ. ಅದರ ಚಕ್ರ ಕಿರ್ರ್ ಅನ್ನುತ್ತದೆ. ವಾರದಿಂದ ಎಣ್ಣೆ ಹಾಕಬೇಕು ಅಂದುಕೊಳ್ಳುತ್ತಿದ್ದೆ. ಹಾಕಲಿಲ್ಲ.’

ಮುಖ್ಯಸ್ಥರು ಕೇಳಿದರು: ‘ಬೇರೆ ಯಾರಾದರೂ ಆ ಕಡೆ ಹೋಗಿದ್ದರಾ?’

‘ಈ ಹುಡುಗಿ ಕಾರ್ಡ್ ಬದಲಿಸಲು ಹೋಗಿದ್ದಳು. ಕೀ ನಾನೇ ಕೊಟ್ಟದ್ದು. ರಿಬ್ಬನ್‌ವರೆಗೆ ಮಾತ್ರ. ಅವಳು ಜೋಪಾನ.’

ಎಲ್ಲರೂ ನನ್ನ ಕಡೆ ನೋಡಿದರು. ತಲೆಯಾಡಿಸಿದೆ.

ತಲೆಯಾಡಿಸಿದೆ. ಅಷ್ಟೇ ಮಾಡಿದ್ದು.

ಮಧ್ಯಾಹ್ನ 3

ಎಲ್ಲರೂ ಹೊರಗಿದ್ದಾರೆ. ತಲೆನೋವು ಅಂದೆ.

ನಿನ್ನೆ ಇಲ್ಲಿ ಬರೆದದ್ದು ಮತ್ತೆ ಓದಿದೆ. ಒಂದು ಸಾಲೂ ಸುಳ್ಳಲ್ಲ. ಆದರೆ ನೀಲಿ ಕಣ್ಣು ರಿಬ್ಬನ್ನಿನ ಈಚೆ ನಿಂತವರಿಗೆ ಕಾಣುವುದಿಲ್ಲ.

ಕಾರ್ಡ್ ಬದಲಿಸಿದೆ, ನಿಜ. ಆಮೇಲೆ ಕ್ಯಾಮೆರಾ ಬಿಚ್ಚಿದೆ. ಎರಡು ದಿನ ಕೂತು ಬರೀ ಹುಲ್ಲು. ರಿಬ್ಬನ್ನಿನ ಕೆಳಗೆ ನುಸುಳಿ ಬೇಲಿಯವರೆಗೆ ಹೋದೆ. ಬೇಲಿಯ ಕಂಬಕ್ಕೆ ಕ್ಯಾಮೆರಾ ಕಟ್ಟಿದೆ — ಅಲ್ಲಿಂದ ಗೂಡಿನ ಬಾಯಿ ನೇರ ಕಾಣುತ್ತದೆ. ಒಂದು ಸಲ ಹಾಲು ಕುಡಿಸುವುದು ಸಿಕ್ಕರೆ ಸಾಕು, ವಾಪಸ್ ಕಟ್ಟಿಬಿಡುತ್ತೇನೆ ಅಂದುಕೊಂಡೆ. ಕುಕ್ಕರುಗಾಲಲ್ಲಿ ಕೂತೆ. ಫೋನ್ ತೆಗೆದೆ. ತಾಯಿ ಗೂಡಿನ ಬಾಯಿಗೆ ಬಂದು ನಿಂತಳು. ನನ್ನನ್ನೇ ನೋಡಿದಳು. ಕಿರುಚಲಿಲ್ಲ, ಏನೂ ಇಲ್ಲ. ಒಪ್ಪಿಗೆ ಅಂದುಕೊಂಡೆ. ಎಂಥ ಮೂರ್ಖಳು. ಹತ್ತು ನಿಮಿಷ ಇದ್ದೆ. ಆಮೇಲೆ ಕ್ಯಾಮೆರಾವನ್ನು ಹಳೆಯ ಮರಕ್ಕೇ ಕಟ್ಟಿ ಬಂದೆ.

ಸಂತೋಷವಾಗಿತ್ತು. ನಿನ್ನೆ ಸಂಜೆ ಊಟ ಮಾಡುವಾಗಲೂ. ಅದೇ ಹೊತ್ತಿಗೆ ಅವಳು ಸಾಗಿಸುತ್ತಿದ್ದಳು.

ಫೀಕಾ ಹೊತ್ತಿನಲ್ಲಿ ಬಾಯಿ ತೆರೆಯಲು ಒಂದು ಕ್ಷಣ ಇತ್ತು. ಗುನ್ನೆಲ್ ‘ಅವಳು ಜೋಪಾನ’ ಅಂದ ಮೇಲೆ, ನಾನು ತಲೆಯಾಡಿಸುವ ಮುನ್ನ. ಚಿಕ್ಕ ಕ್ಷಣವೂ ಅಲ್ಲ. ಮುಖ್ಯಸ್ಥರು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮತ್ತೆ ಹಾಕುವಷ್ಟು ಉದ್ದ ಇತ್ತು.

ಜೂನ್ 14, ಶುಕ್ರವಾರ. ಬಸ್ಸಿನಲ್ಲಿ

ಬೆಳಿಗ್ಗೆ ಇನ್ನೊಂದು ಕೆಲಸ ಮಾಡಿದೆ. ಬರೆದಿಡುತ್ತೇನೆ.

ಹೊಸ ಕಾರ್ಡಿನ ವಿಡಿಯೊಗಳನ್ನು ಅನ್ನಿಕಾಗೆ ಕೊಡಬೇಕಿತ್ತು. ನಿನ್ನೆ ಗುನ್ನೆಲ್ ಸಂಜೆಯ ಭಾಗ ಮಾತ್ರ ನೋಡಿದ್ದರು. ಅದಕ್ಕೆ ಮುಂಚೆ, ನಾಲ್ಕು ಮೂವತ್ತೆಂಟರಿಂದ, ನಾಲ್ಕು ಕ್ಲಿಪ್ ಇದ್ದವು. ಬೇಲಿಯ ಕಂಬದಿಂದ ತೆಗೆದವು. ಎರಡರಲ್ಲಿ ನನ್ನ ಕೈ, ನನ್ನ ನೀಲಿ ಜಾಕೆಟ್ಟಿನ ತೋಳು. ಬಚ್ಚಲುಮನೆಯಲ್ಲಿ ಲ್ಯಾಪ್‌ಟಾಪ್ ಮಡಿಲಲ್ಲಿಟ್ಟುಕೊಂಡು ಡಿಲೀಟ್ ಮಾಡಿದೆ. ನಾಲ್ಕೂ. ಫೋನಿನಲ್ಲಿರುವುದನ್ನು ಮಾಡಲು ಆಗಲಿಲ್ಲ.

ಹೊರಡುವಾಗ ಗುನ್ನೆಲ್ ಬಸ್ಸಿನ ಹತ್ತಿರ ಬಂದರು. ಎಲ್ಲರಿಗೂ ಕೈ ಕುಲುಕಿದರು. ನನಗೆ ಮಾತ್ರ, ‘ನಿನ್ನ ಪ್ರಾಜೆಕ್ಟ್ ಹಾಳಾಯಿತು, ಕ್ಷಮಿಸು’ ಅಂದರು.

ಅವರು. ನನಗೆ.

ಜೂನ್ 20, ಗುರುವಾರ

ಪ್ರೆಸೆಂಟೇಶನ್ ಮುಗಿಯಿತು. ಆರೂ ಹತ್ತರ ವಿಡಿಯೊ ಹಾಕಿದೆ. ತಾಯಿ ಮರಿಯ ಕತ್ತು ಕಚ್ಚಿ ಹಿಡಿದು, ತಲೆ ಎತ್ತಿ, ಒಂದೊಂದೇ ಹೆಜ್ಜೆ. ಅನ್ನಿಕಾ ಕೊನೆಗೆ, ‘ಇಷ್ಟು ಸ್ಪಷ್ಟವಾದ ದಾಖಲೆ ಸಿಗುವುದು ಅಪರೂಪ. ಇಪ್ಪತ್ತು ವರ್ಷದಲ್ಲಿ ನಾನು ನೋಡಿಲ್ಲ’ ಅಂದರು. ಕಾರಣ ಏನಿರಬಹುದು ಅಂತ ಯಾರೋ ಕೇಳಿದರು. ‘ಆಹಾರದ ಗಾಡಿಯ ಸದ್ದು ಇರಬಹುದು’ ಅಂದೆ. ಇರಬಹುದು. ಆ ಪದ ಸೇರಿಸಿದ್ದಕ್ಕೆ ನನ್ನನ್ನು ನಾನೇ ಮೆಚ್ಚಿಕೊಂಡೆ ಒಂದು ಕ್ಷಣ.

ಎ ಗ್ರೇಡ್.

ಜೂನ್ 21, ಶುಕ್ರವಾರ. ಮಿಡ್‌ಸೊಮ್ಮರ್, ನಡುಬೇಸಿಗೆಯ ಹಬ್ಬ

ನೀರಜಕ್ಕನ ಮನೆಗೆ ಊಟಕ್ಕೆ. ಇಲ್ಲಿನ ಆಸ್ಪತ್ರೆಯಲ್ಲಿ ಲ್ಯಾಬ್ ಕೆಲಸ ಅವರಿಗೆ. ಹಬ್ಬ ಅಂದರೆ ನಮ್ಮಂಥ ಸ್ಟೂಡೆಂಟ್ಸನ್ನೆಲ್ಲ ಕರೆಯುತ್ತಾರೆ. ಬಿಸಿಬೇಳೆಬಾತು, ಹೊಸ ಆಲೂಗಡ್ಡೆ, ಸ್ಟ್ರಾಬೆರಿ ಕೇಕು, ಎಲ್ಲ ಒಂದೇ ಮೇಜಿನ ಮೇಲೆ. ಊರಿನ ಪಾರ್ಕಿನಲ್ಲಿ ಹೂವಿನ ಕಂಬ ಸುತ್ತಿ ಕುಣಿದದ್ದೂ ಆಯಿತು.

ಅವರ ಮಗಳು ಅನ್ಯಾ, ಆರು ವರ್ಷ. ಪಕ್ಕದಲ್ಲೇ ಕೂತಳು. ಅರ್ಧ ಸ್ವೀಡಿಶ್, ಅರ್ಧ ಕನ್ನಡ. ಲಿಂಕ್ಸ್‌ಗೆ ‘ಲೂ’ ಅನ್ನುತ್ತಾಳೆ.

‘ಆಂಟಿ, ನೀನು ಲೂ ನೋಡಿದ್ಯಾ? ಬೇಬಿ ಇತ್ತಾ?’

‘ಇತ್ತು.’

‘ಎಷ್ಟು?’

‘ಎರಡು.’

‘ಫೋಟೋ ತೋರ್ಸು.’

ಫೋನ್ ಬ್ಯಾಗಿನಲ್ಲೇ ಇತ್ತು. ಚಾರ್ಜ್ ಇಲ್ಲ ಅಂದೆ. ಮಗುವಿಗೂ ಸುಳ್ಳು. ನೀರಜಕ್ಕ ಡಬ್ಬಿಗೆ ಬಾತು ಹಾಕಿಕೊಡುತ್ತ, ‘ಯಾಕೆ ಹಿಂಗಾಗಿದ್ದೀಯ? ನಿದ್ದೆ ಮಾಡ್ತಿಲ್ವಾ?’ ಅಂದರು. ಬೆಳಕು ಜಾಸ್ತಿ ಅಕ್ಕ, ಅಂದೆ.

ಜೂನ್ 27, ಗುರುವಾರ

ಅನ್ನಿಕಾ ರಜೆಗೆ ಹೋಗುವ ಮುನ್ನ ಕರೆದರು. ಮುಂದಿನ ವರ್ಷದ ಥೀಸಿಸ್ ಅವರ ಜೊತೆ. ಲಿಂಕ್ಸ್ ಮೇಲೆ. ಚೆನ್ನಾಗಿ ಆದರೆ ಆಮೇಲೆ ಪಿಎಚ್‌ಡಿಗೂ ಜಾಗ ಬರಬಹುದು. ಆ ವಿಡಿಯೊ ಇಟ್ಟುಕೊಂಡು ಒಂದು ಲೇಖನ ಬರೆಯೋಣ, ನಿನ್ನ ಹೆಸರೂ ಇರುತ್ತದೆ ಅಂದರು.

ಥ್ಯಾಂಕ್ಯೂ ಅಂದೆ.

ಅಮ್ಮನಿಗೆ ಹೇಳಿದೆ. ಹೇಳಬಾರದಿತ್ತು. ಸಂಜೆಯೊಳಗೆ ಆಸ್ಪತ್ರೆಗೆಲ್ಲ ಗೊತ್ತು. ‘ಶೋಭನಾ ಡಾಕ್ಟ್ರಿಗೂ ಹೇಳ್ದೆ ಕಣವ್ವ. ಅವ್ರು ನಿನ್ನ ಫೋಟೋ ಕೇಳುದ್ರು.’ ಸ್ವೀಟ್ ಹಂಚಿದ್ದಾರೆ. ಹೆರಿಗೆ ವಾರ್ಡಿನಲ್ಲಿ.

ಜುಲೈ 17, ಬುಧವಾರ

ಇಪ್ಪತ್ತು ದಿನ ಬರೆಯಲಿಲ್ಲ. ಬರೆಯಲು ಕೂತರೆ ಒಂದೇ ವಿಷಯ. ಊರೆಲ್ಲ ಖಾಲಿ, ರಜೆ. ಹಾಸ್ಟೆಲ್ ಕಾರಿಡಾರಿನಲ್ಲಿ ನಾನು ಮತ್ತು ಫ್ರಿಜ್ಜಿನ ಸದ್ದು.

ಓಂ ಬಂದಿದ್ದ. ಬೆಂಗಳೂರಿನಿಂದ ಅವನ ಕಸಿನ್ಸ್ ಬಂದಿದ್ದಾರೆ, ಅವರನ್ನು ಪಾರ್ಕಿಗೆ ಕರೆದುಕೊಂಡು ಹೋಗಿದ್ದನಂತೆ.

‘ಗುನ್ನೆಲ್ ಸಿಕ್ಕಿದ್ರು ಕಣೇ. ಐಸ್‌ಕ್ರೀಮ್ ಅಂಗಡೀಲಿ.’

‘ಅಂದ್ರೆ?’

‘ಮಾರ್ತಿದಾರೆ. ಲಿಂಕ್ಸ್ ಕೆಲಸದಿಂದ ತೆಗ್ದಿದಾರಂತೆ. ಅಂದ್ರೆ ಅವ್ರೇ ಬೇಡ ಅಂದ್ರಂತೆ, ಮುಖ್ಯಸ್ಥರೂ ಸರಿ ಅಂದ್ರಂತೆ. ಸಮ್ಮರ್ ಜಾಬ್ ಹುಡುಗೀರ ಮಧ್ಯೆ ಕ್ಯಾಪ್ ಹಾಕ್ಕೊಂಡು ನಿಂತಿದ್ರು. ನಿನ್ನ ಕೇಳಿದ್ರು. ಪ್ರಾಜೆಕ್ಟ್ ಚೆನ್ನಾಗಾಯ್ತಾ ಅಂದ್ರು. ಎ ಬಂತು ಅಂದೆ. ಖುಷಿಪಟ್ರು.’

ಆಗ ಹೇಳಿಬಿಟ್ಟೆ. ಎಲ್ಲ. ರಿಬ್ಬನ್, ಬೇಲಿ, ಡಿಲೀಟ್. ಎಷ್ಟು ಹೊತ್ತು ಇದ್ದೆ ಅಂದ. ಹತ್ತು ನಿಮಿಷ ಅಂದೆ.

ಓಂ ಎದ್ದು ಫ್ರಿಜ್ಜಿನ ಬಾಗಿಲು ತೆಗೆದು ಮುಚ್ಚಿದ. ಆಮೇಲೆ —

‘ಲೇ, ಓವರ್ ಥಿಂಕ್ ಮಾಡ್ಬೇಡ. ಕಾಡಲ್ಲಿ ಅರ್ಧಕ್ಕರ್ಧ ಮರಿ ಸಾಯ್ತವೆ. ನೀನು ಹೋಗಿದ್ದಕ್ಕೇ ಅಂತ ಹೆಂಗೆ ಹೇಳ್ತೀಯ? ಗಾಡಿ ಸದ್ದೂ ಇರಬಹುದು. ಎರಡೂ ಇರಬಹುದು. ಮಳೆ ಬರ್ದೇ ಇದ್ದಿದ್ರೆ ಬದುಕ್ತಿತ್ತು.’

‘ಗುನ್ನೆಲ್?’

‘ಹೆಂಗೂ ರಿಟೈರ್ ಆಗ್ತಾರೆ. ನಿಂದು ಈಗ ಶುರು.’

ಕೆಟ್ಟವನಲ್ಲ ಓಂ. ನನಗಾಗಿಯೇ ಹೇಳಿದ್ದು. ಆದರೆ ಅವನು ಹೇಳಿದ ಒಂದೊಂದು ಮಾತನ್ನೂ ನಾನು ಒಂದು ತಿಂಗಳಿಂದ ನನಗೇ ಹೇಳಿಕೊಳ್ಳುತ್ತಿದ್ದೆ. ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಅಸಹ್ಯವಾಯಿತು. ಎದ್ದು ಪಾತ್ರೆ ತೊಳೆದೆ. ತೊಳೆದ ಪಾತ್ರೆಗಳನ್ನೇ.

ಆಗಸ್ಟ್ 3, ಶನಿವಾರ. ಸಂಜೆ, ಬಸ್ಸಿನಲ್ಲಿ

ಹೋಗಿದ್ದೆ. ಒಬ್ಬಳೇ.

ಟಿಕೆಟ್ ಕೊಂಡು ಒಳಗೆ ಹೋದೆ, ಎಲ್ಲರ ಹಾಗೆ. ಲಿಂಕ್ಸ್ ಕಡೆ ಹೋಗಲಿಲ್ಲ. ಐಸ್‌ಕ್ರೀಮ್ ಅಂಗಡಿಯ ಎದುರಿನ ಬೆಂಚಿನಲ್ಲಿ ಒಂದು ಗಂಟೆ ಕೂತೆ. ಗುನ್ನೆಲ್ ಮಕ್ಕಳಿಗೆ ಕೋನ್ ಕೊಡುತ್ತಿದ್ದರು. ನಾಲ್ಕಕ್ಕೆ ಅಂಗಡಿ ಮುಚ್ಚುವಾಗ ನನ್ನನ್ನು ನೋಡಿದರು. ‘ಅರೆ! ಜೋಪಾನದ ಹುಡುಗಿ!’

ಅಂಗಡಿಯ ಹಿಂದೆ, ಖಾಲಿ ಕ್ರೇಟುಗಳ ಮೇಲೆ ಕೂತೆವು. ಬಸ್ಸಿನಲ್ಲಿ ಸ್ವೀಡಿಶ್‌ನಲ್ಲಿ ಬಾಯಿಪಾಠ ಮಾಡಿಕೊಂಡಿದ್ದೆ. ಮೊದಲ ವಾಕ್ಯ ಬಂತು — ರಿಬ್ಬನ್ ದಾಟಿ ಹೋಗಿದ್ದೆ. ಎರಡನೆಯದು ಮರೆತುಹೋಯಿತು. ಉಳಿದದ್ದು ಇಂಗ್ಲಿಷಿನಲ್ಲಿ ಹೇಳಿದೆ. ಯಾವ ಕ್ರಮದಲ್ಲಿ ಹೇಳಿದೆನೋ.

ಅವರು ಕ್ಯಾಪ್ ತೆಗೆದು ಮಂಡಿಯ ಮೇಲೆ ಇಟ್ಟುಕೊಂಡರು.

‘ಎಷ್ಟು ಹೊತ್ತು ಇದ್ದೆ?’

ಹತ್ತು ಅನ್ನಲು ಬಾಯಿ ತೆರೆದೆ. ಫೋನಿನಲ್ಲಿ ವಿಡಿಯೊ ಇದೆ. ಟೈಮ್ ಇದೆ. ನಾನು ನೋಡಿದ್ದೇನೆ. ಓಂಗೆ ಹತ್ತು ಅಂದೆ. ಇಲ್ಲಿ, ಯಾರೂ ಓದದ ಈ ಪುಸ್ತಕದಲ್ಲೂ ಹತ್ತು ಅಂತಲೇ ಬರೆದೆ.

‘ಇಪ್ಪತ್ತೈದು ನಿಮಿಷ.’

‘ಅವಳು ಏನು ಮಾಡಿದಳು?’

‘ಏನೂ ಇಲ್ಲ. ನೋಡುತ್ತ ನಿಂತಿದ್ದಳು.’

‘ಕಿವಿ?’

‘ಹಿಂದಕ್ಕೆ ಮಡಚಿದ್ದಳು.’

‘ಅದೇ ಅವಳು ಹೇಳುವ ರೀತಿ,’ ಅಂದರು. ‘ಅದಕ್ಕಿಂತ ಜೋರಾಗಿ ಅವಳಿಗೆ ಹೇಳಲು ಬರುವುದಿಲ್ಲ.’

ಜನ ಗೇಟಿನ ಕಡೆ ಹೋಗುತ್ತಿದ್ದರು. ಯಾವುದೋ ಮಗು ಹಟ ಮಾಡುತ್ತಿತ್ತು.

‘ಐವತ್ತೊಂದು ದಿನ,’ ಅಂದರು ಕೊನೆಗೆ. ‘ಐವತ್ತೊಂದು ದಿನದಿಂದ ನನ್ನ ಕಿವಿಯಲ್ಲಿ ಆ ಚಕ್ರದ ಸದ್ದು ಇದೆ. ಆ ಗಾಡಿಯನ್ನೇ ಒಡೆಸಿ ಹಾಕಿದೆ. ನಿನಗೆ ಗೊತ್ತಿತ್ತು.’

‘ಗೊತ್ತಿತ್ತು.’

‘ಪ್ರತಿದಿನ ಗೊತ್ತಿತ್ತು.’

‘ಹೌದು. ಕ್ಷಮಿಸಿ.’

‘ಅದು ಆಮೇಲೆ. ಮೊದಲು ಅನ್ನಿಕಾಗೆ ಹೇಳು. ನಮ್ಮ ಮುಖ್ಯಸ್ಥನಿಗೆ ಹೇಳು. ನಾನು ಹೇಳಿದರೆ ದೂರು ಆಗುತ್ತದೆ. ನೀನೇ ಹೇಳಬೇಕು.’

ಬಸ್ ಎಷ್ಟಕ್ಕೆ ಅಂತ ಕೇಳಿದರು. ಐದೂ ಇಪ್ಪತ್ತಕ್ಕೆ ಅಂದೆ. ಶನಿವಾರ ಅದು ಇಲ್ಲಿಗೆ ಬರುವುದಿಲ್ಲವಂತೆ, ಮೇನ್ ರೋಡಿನಲ್ಲೇ ಹೋಗುತ್ತದಂತೆ. ತಮ್ಮ ಕಾರಿನಲ್ಲಿ ಅಲ್ಲಿಯವರೆಗೆ ಬಿಟ್ಟರು. ಹನ್ನೆರಡು ಕಿಲೋಮೀಟರ್. ಇಳಿಯುವಾಗ, ನನ್ನ ಮುಖ ನೋಡದೆ — ‘ನೀರು ಇದೆಯಾ?’

ಇತ್ತು. ಇಲ್ಲ ಅಂದಿದ್ದರೆ ಅವರದೇ ಬಾಟಲಿ ಕೊಡುತ್ತಿದ್ದರು. ಅದಕ್ಕೇ ಇದೆ ಅಂದೆ.

ಅವರು ಬೈದಿದ್ದರೆ... ಇಲ್ಲ. ಬೈಸಿಕೊಳ್ಳಲು ಹೋಗಿರಲಿಲ್ಲ. ಹೋಗಿದ್ದೆನೋ ಏನೋ.

ಆಗಸ್ಟ್ 13, ಮಂಗಳವಾರ

ಅನ್ನಿಕಾ ನಿನ್ನೆ ರಜೆ ಮುಗಿಸಿ ಬಂದರು. ಇವತ್ತು ಹತ್ತಕ್ಕೆ ಹೋದೆ. ಮೈ ಎಲ್ಲ ಬಿಸಿಲಿಗೆ ಕೆಂಪಾಗಿತ್ತು ಅವರದು, ನಗುತ್ತ ಬಾಗಿಲು ತೆರೆದರು. ಲೇಖನದ ಕರಡು ಸ್ಕ್ರೀನಿನ ಮೇಲಿತ್ತು. ನನ್ನ ಹೆಸರು ಎರಡನೆಯದು.

ಹೇಳಿದೆ. ಈ ಸಲ ಕ್ರಮವಾಗಿ ಹೇಳಿದೆ. ಇಪ್ಪತ್ತೈದು ಅಂತಲೇ ಹೇಳಿದೆ.

ಅವರು ಚಶ್ಮಾ ತೆಗೆದರು. ‘ರಿಬ್ಬನ್ ದಾಟಿದ್ದು ತಪ್ಪು. ಸ್ಟೂಡೆಂಟ್ಸ್ ತಪ್ಪು ಮಾಡುತ್ತಾರೆ, ನಾನೂ ಮಾಡಿದ್ದೇನೆ. ಡಿಲೀಟ್ ಮಾಡಿದ್ದು ಬೇರೆ ವಿಷಯ, ಪಾವನಾ. ಅರ್ಥವಾಗುತ್ತದೆ ಅಲ್ಲವಾ? ನಿನ್ನ ಡೇಟಾವನ್ನು ನಾನು ಇನ್ನು ಹೇಗೆ ನಂಬಲಿ?’



‘ಹೇಳಿದ್ದಕ್ಕೆ ಥ್ಯಾಂಕ್ಸ್’ ಅಂದರು. ಶಿಸ್ತು ಸಮಿತಿಗೆ ಕಳಿಸುವುದು ಅವರ ಕರ್ತವ್ಯವಂತೆ. ಎಲ್ಲ ಶಾಂತವಾಗಿಯೇ. ನಾನು ಎದ್ದು ಬಾಗಿಲವರೆಗೆ ಹೋಗುವಷ್ಟರಲ್ಲಿ ಕರಡು ಮುಚ್ಚಿದ್ದರು. ಸ್ಕ್ರೀನಿನಲ್ಲಿ ಅವರ ನಾಯಿಯ ಫೋಟೋ ಬಂದಿತ್ತು.

ಪಾರ್ಕಿನ ಮುಖ್ಯಸ್ಥರಿಗೆ ಮೇಲ್ ಮಾಡಿದೆ. ಮಧ್ಯಾಹ್ನ ಎರಡು ಸಾಲಿನ ಉತ್ತರ ಬಂತು. ಮಾಹಿತಿ ತಲುಪಿದೆ. ಗುನ್ನೆಲ್ ಸೋಮವಾರದಿಂದ ಲಿಂಕ್ಸ್ ಕೆಲಸಕ್ಕೆ ಮರಳುತ್ತಾರೆ.

ಆಗಸ್ಟ್ 19ರಿಂದ ಅಂದರೆ... ರಿಟೈರ್ ಆಗುವವರೆಗೆ ಉಳಿದದ್ದು ಎರಡು ವಾರ. ಬೇಸಿಗೆಯೆಲ್ಲ ನಾನು ತಿಂದೆ.

ಸೆಪ್ಟೆಂಬರ್ 18, ಬುಧವಾರ

ಸಮಿತಿಯ ಪತ್ರ ಬಂತು. ಎಚ್ಚರಿಕೆ. ಓದು ನಿಲ್ಲಿಸಬೇಕಾಗಿಲ್ಲ. ಆ ಕೋರ್ಸ್ ರದ್ದು, ಮುಂದಿನ ಬೇಸಿಗೆ ಬೇರೆ ಕಡೆ ಮತ್ತೆ ಮಾಡಬೇಕು. ಅನ್ನಿಕಾ ಥೀಸಿಸ್‌ಗೆ ತೆಗೆದುಕೊಳ್ಳುವುದಿಲ್ಲ. ಇನ್ನೊಬ್ಬ ಪ್ರೊಫೆಸರ್ ಒಪ್ಪಿದ್ದಾರೆ. ಬಸವನಹುಳು, ಕೆರೆ ದಂಡೆಯವು. ಅವುಗಳನ್ನು ಎಣಿಸಬೇಕು.

ಓಂ ಕಾಫಿ ಕುಡಿಸಿದ. ‘ಹೇಳ್ದೇ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ ಅಲ್ವಾ’ ಅಂದ. ಆಮೇಲೆ ಅವನೇ, ‘ನಾನಾಗಿದ್ರೆ ಹೇಳ್ತಿರ್ಲಿಲ್ಲ. ಅದಕ್ಕೆ ಕೇಳ್ದೆ’ ಅಂದ.

ಹೇಳಿದರೆ ಮನಸ್ಸು ಹಗುರ ಆಗುತ್ತದೆ ಅಂತ ಎಲ್ಲರೂ ಅನ್ನುತ್ತಾರೆ. ಆಗಿಲ್ಲ. ಮೊದಲು ಒಂದು ವಿಷಯ ಬಚ್ಚಿಡುವ ಕೆಲಸವಾದರೂ ಇತ್ತು, ದಿನವೆಲ್ಲ ಅದೇ ಆಗುತ್ತಿತ್ತು. ಈಗ ಆ ಕೆಲಸ ಇಲ್ಲ. ಮರಿ ಮಾತ್ರ ಇದೆ.

ಅಮ್ಮನಿಗೆ ಹೇಳಿಲ್ಲ ಇನ್ನೂ.

ಸೆಪ್ಟೆಂಬರ್ 22, ಭಾನುವಾರ. ಮಧ್ಯಾಹ್ನ 1

ಹೇಳಿದೆ.

ಅಮ್ಮ ಅಡುಗೆಮನೆಯಲ್ಲಿದ್ದರು. ವಿಡಿಯೊ ಬೇಡ, ವಾಯ್ಸ್ ಸಾಕು ಅಂದೆ. ಮೊದಲಿನಿಂದ ಹೇಳಿದೆ. ನಡುವೆ ಕುಕ್ಕರ್ ಕೂಗಿತು, ‘ತಡಿ’ ಅಂತ ಹೋಗಿ ಒಲೆ ಆರಿಸಿ ಬಂದು, ‘ಹ್ಞೂಂ, ಹೇಳು’ ಅಂದರು. ಪಿಎಚ್‌ಡಿ ಇಲ್ಲ ಅಂತಲೂ ಹೇಳಿದೆ. ಡಾಕ್ಟರಿಗೆ ಫೋಟೋ ಕೊಟ್ಟದ್ದು, ಸ್ವೀಟು, ಎಲ್ಲ ನನ್ನ ತಲೆಯಲ್ಲಿ. ಅದನ್ನೇ ಕೇಳುತ್ತಾರೆ ಅಂತ ಕಾಯುತ್ತಿದ್ದೆ.

‘ಸತ್ತೋಯ್ತಲ್ಲ, ಅದು ಗಂಡಾ ಹೆಣ್ಣಾ?’

‘ಗೊತ್ತಿಲ್ಲಮ್ಮ.’

‘ಗೊತ್ತಿಲ್ವಾ?’

‘ಕೇಳ್ಲಿಲ್ಲ.’

‘ಮೂರು ತಿಂಗಳಾಯ್ತು ಅಂತೀಯ. ಅಷ್ಟು ಜನರ ಹತ್ರ ಹೋಗಿ ತಪ್ಪಾಯ್ತು ಅಂದಿದೀಯ. ಅದೊಂದು ಕೇಳ್ಲಿಲ್ವಾ?’

ಗದರಲಿಲ್ಲ. ಆಶ್ಚರ್ಯ ಅಷ್ಟೇ. ವಾರ್ಡಿನಲ್ಲಿ ಯಾರಾದರೂ ಹೊಸಬರು ಏನೋ ಬರೆಯಲು ಮರೆತಾಗ ಕೇಳುವ ದನಿ.

‘ಕೇಳ್ಬುಟ್ಟು ಫೋನ್ ಮಾಡು,’ ಅಂದರು. ಇಟ್ಟರು.

ಸಂಜೆ 4

ಗುನ್ನೆಲ್‌ಗೆ ಮೆಸೇಜ್ ಮಾಡಿದೆ. ಆಗಸ್ಟ್ ಮೂರರಿಂದ ಒಂದು ಮಾತೂ ಇರಲಿಲ್ಲ. ರಿಟೈರ್ ಆದ ದಿನ ಏನಾದರೂ ಬರೆಯಬೇಕು ಅಂದುಕೊಂಡು, ನಾಲ್ಕು ಸಲ ಟೈಪ್ ಮಾಡಿ ಅಳಿಸಿದ್ದೆ. ಇವತ್ತು ಒಂದೇ ಸಾಲು, ಸ್ವೀಡಿಶ್‌ನಲ್ಲಿ. ಅದು ಗಂಡೋ ಹೆಣ್ಣೋ.

ಈಗ ತಾನೇ ಉತ್ತರ ಬಂತು.

‘ಹೆಣ್ಣು. ಹಣೆಯ ಮೇಲೆ ಬಿಳಿ ಚುಕ್ಕೆ ಇತ್ತು. ಇನ್ನೊಂದು ಗಂಡು, ಚೆನ್ನಾಗಿದ್ದಾನೆ. ಇಷ್ಟು ದಿನಕ್ಕೆ ಯಾರೂ ಇದನ್ನು ಕೇಳಿರಲಿಲ್ಲ.’

ಬಿಳಿ ಚುಕ್ಕೆ.

ಗೊತ್ತು ನನಗೆ. ಇದನ್ನು ಎಲ್ಲೂ ಬರೆದಿಲ್ಲ, ಗುನ್ನೆಲ್‌ಗೂ ಹೇಳಲಿಲ್ಲ. ಆ ಇಪ್ಪತ್ತೈದು ನಿಮಿಷದಲ್ಲಿ ಒಂದು ಮರಿ ಗೂಡಿನಿಂದ ಹೊರಗೆ ಬಂತು. ಕಾಲು ನೆಟ್ಟಗೆ ನಿಲ್ಲುತ್ತಿರಲಿಲ್ಲ. ತಾಯಿ ಒಳಗೆ ಎಳೆದುಕೊಂಡಳು. ಮತ್ತೆ ಬಂತು. ಮತ್ತೆ ಎಳೆದುಕೊಂಡಳು. ಮೂರನೆಯ ಸಲ ಬರಲಿ ಅಂತಲೇ ನಾನು ಅಲ್ಲಿ ಕೂತದ್ದು. ನಾಲಿಗೆಯಿಂದ ಟಚ್ ಟಚ್ ಅಂತ ಸದ್ದು ಮಾಡಿ ಕರೆದೆ. ನಮ್ಮೂರಲ್ಲಿ ಬೆಕ್ಕನ್ನು ಕರೆಯುವ ಹಾಗೆ.

ಬಂತು. ಹಣೆಯ ಮೇಲೆ ಬಿಳಿ ಚುಕ್ಕೆ.

ಅಮ್ಮನಿಗೆ ಫೋನ್ ಮಾಡಿದೆ. ಒಂದೇ ರಿಂಗಿಗೆ ಎತ್ತಿದರು.

‘ಕೇಳ್ದಾ?’

‘ಹ್ಞೂಂ. ಹೆಣ್ಣು. ಅಮ್ಮ, ಅದು ತಾನಾಗೇ ಬರ್ಲಿಲ್ಲ, ನಾನು ಕರೆದೆ, ನಾನು —’